ಅಪ್‌ಡೇಟ್: ವೇಪ್‌ನ ಸುಟ್ಟ ವಾಸನೆ ಹೋಯಿತು

ನಾನು ಲಂಡನ್ನಿನಲ್ಲಿರುವವನು. ಎರಡು 18650 ಬ್ಯಾಟರಿ (ಬೆರಳುದ್ದದ ಲಿಥಿಯಂ ಸೆಲ್) ಹಾಕುವ ನನ್ನ ವೇಪ್, ಅಂದರೆ ಇ-ಸಿಗರೇಟ್, ಟೆಂಪರೇಚರ್ 220 ಡಿಗ್ರಿಗೆ ಇಟ್ಟರೂ ಒಳಗೆ ದ್ರವ ಹೀರುವ ಹತ್ತಿ ಸುಟ್ಟ ರುಚಿ ಕೊಡುತ್ತೆ, ಜೊತೆಗೆ ‘ವೀಕ್ ಬ್ಯಾಟರಿ’ ಅನ್ನುತ್ತೆ ಅಂತ ಹೋದ ತಿಂಗಳು ಕೇಳಿದ್ದೆ. ಎರಡೂ ಸರಿಹೋಯಿತು.

ತಪ್ಪು ನಂದೇ. ಸೇದಿದ ಬಿಸಿಯಲ್ಲೇ ಟ್ಯಾಂಕ್ (ದ್ರವ ತುಂಬುವ ಭಾಗ) ಬಿಚ್ಚಿ ಹಾಕಿ, ಯಂತ್ರ ಕೇಳಿದಾಗ ಹೊಸ ಕಾಯಿಲ್ (ಬಿಸಿಯಾಗುವ ತಂತಿಸುರುಳಿ) ಅಂತ ಒತ್ತಿಬಿಡುತ್ತಿದ್ದೆ. ತಣ್ಣಗಿದ್ದಾಗ 0.30 ಓಮ್ (ವಿದ್ಯುತ್ ತಡೆ) ಇರುವ ಸ್ಟೀಲ್ ಕಾಯಿಲ್, ತಣ್ಣಗಿದ್ದಾಗಲೇ 0.32 ಅಂತ ಯಂತ್ರದಲ್ಲಿ ಲಾಕ್ ಆಗಿತ್ತು. ಇಷ್ಟೇ ತಾನೆ ಅನ್ನಿಸುತ್ತೆ, ಅಲ್ವಾ? ಆದರೆ ಯಂತ್ರ ಶಾಖ ಅಳೆಯುವುದೇ ಈ ಓಮ್ ಏರಿಕೆಯಿಂದ. ಲೆಕ್ಕ ಹಾಕಿದೆ: ಅದು 220 ಅಂದುಕೊಂಡಾಗ ಕಾಯಿಲ್ ನಿಜಕ್ಕೂ 300 ದಾಟಿರುತ್ತಿತ್ತು! ಈಗ ಅರ್ಧ ಗಂಟೆ ಆರಲು ಬಿಟ್ಟು ಲಾಕ್ ಮಾಡುತ್ತೇನೆ. ಎಸ್‌ಎಸ್316 ಸ್ಟೀಲ್ ತಂತಿ, ಟಿಸಿಆರ್ (ಬಿಸಿಗೆ ಓಮ್ ಏರುವ ದರ) 92, 215 ಡಿಗ್ರಿ. ಕಾಂತಾಲ್ ತಂತಿ ಇದಕ್ಕೆ ಆಗಲ್ಲ, ಬಿಸಿಯಾದರೂ ಅದರ ಓಮ್ ಹೆಚ್ಚುಕಮ್ಮಿ ಹಾಗೇ ಇರುತ್ತೆ.

ಇನ್ನು ‘ವೀಕ್ ಬ್ಯಾಟರಿ’ ವಿಷಯ. ಹಳೇ ಬ್ಯಾಟರಿ ಮೇಲೆ 6000 ಎಂಎಎಚ್ ಅಂತ ಬರೆದಿತ್ತು. ಆ ಗಾತ್ರದಲ್ಲಿ ಅಷ್ಟು ಎಲ್ಲಿಂದ ಬರಬೇಕು, ಶುದ್ಧ ಸುಳ್ಳು. ಸ್ಯಾಮ್‌ಸಂಗ್ 25ಆರ್ ಜೋಡಿ ತಂದೆ: 2500 ಎಂಎಎಚ್, 20 ಆಂಪಿಯರ್. ಎರಡಕ್ಕೂ ಮಾರ್ಕರ್‌ನಲ್ಲಿ ‘ಅ’ ಅಂತ ಬರೆದಿದ್ದೇನೆ, ಯಾವಾಗಲೂ ಒಟ್ಟಿಗೇ ಹಾಕಿ ಒಟ್ಟಿಗೇ ಚಾರ್ಜ್ ಮಾಡೋಕೆ. ಹಳೇ ಒಂದರ ಪ್ಲಾಸ್ಟಿಕ್ ಸಿಪ್ಪೆ ಹರಿದು ಲೋಹ ಕಾಣುತ್ತಿತ್ತು. ಅದನ್ನೇ ಕೀಲಿಗೊಂಚಲಿನ ಜೊತೆ ಜೇಬಿನಲ್ಲಿ ಹಾಕಿಕೊಂಡು ಓಡಾಡಿದ್ದೆ; ಕೀಲಿ ತಗುಲಿ ಶಾರ್ಟ್ ಆಗಿ ಬೆಂಕಿ ಹತ್ತಬಹುದಿತ್ತು, ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಈ ವೇಪ್ ಇಲ್ಲೇ ಇರುತ್ತೆ. ಭಾರತದಲ್ಲಿ ಇ-ಸಿಗರೇಟ್‌ಗೆ 2019ರಿಂದ ನಿಷೇಧ.