ಅಪ್ಪನ ಮೂಗಿನ ಗಾಯ: ಮಾವ ಹಂಚಿದ ವಿಡಿಯೋ ಕುರಿತು

ಮಾವ: ಚರ್ಮದ ಕ್ಯಾನ್ಸರ್ ತೆಗೆದ ಮೇಲೆ ಹೊಲಿಗೆಯನ್ನೂ ಹಾಕದೆ ಬಿಟ್ಟ ಗಾಯ ಚೆನ್ನಾಗಿ ಮಾಯ್ದಿರುವುದನ್ನು ಈ ವಿಡಿಯೋದಲ್ಲಿ ತೋರಿಸಿದ್ದಾರೆ. ಹೀಗಿರುವಾಗ ಕ್ಯಾನ್ಸರ್ ತೆಗೆದ ಮೂಗಿಗೆ ಚರ್ಮ ಹೊದಿಸಲೆಂದು ಭಾವನವರ ಹಣೆಯನ್ನು ಕೊಯ್ಯುವುದು ದುಡ್ಡು ಮಾಡುವ ದಾರಿಯಲ್ಲದೆ ಮತ್ತೇನು?

ನಾನು: ಮಾವ, ನೀವು ಕಾಳಜಿಯಿಂದಲೇ ಕಳಿಸಿದ್ದೀರಿ, ಆದರೂ ನಾನು ಒಪ್ಪಲಾರೆ. ವಿಡಿಯೋದಲ್ಲಿರುವ ಗಾಯ ಕಣ್ಣಿನ ಒಳಮೂಲೆಯದು. ಅಂಥ ತಗ್ಗಿನ ಜಾಗದಲ್ಲಿ, ಗಾಯ ಆಳವಾಗಿರದಿದ್ದರೆ, ಮುಲಾಮು ಹಚ್ಚಿ ಒಣಗದಂತೆ ಪಟ್ಟಿ ಕಟ್ಟುತ್ತ ಬಂದರೆ ಕೆಲವು ವಾರಗಳಲ್ಲಿ ಅದು ತಾನಾಗಿ ತುಂಬಿಕೊಳ್ಳುತ್ತದೆ. ವೈದ್ಯರೇ ಅಲ್ಲಿ ಆ ದಾರಿಯನ್ನು ಆರಿಸಿಕೊಳ್ಳುವುದುಂಟು. ಅಪ್ಪನ ಗಾಯವಾದರೋ ಮೂಗಿನ ತುದಿಯಲ್ಲಿದೆ, ಮೃದ್ವಸ್ಥಿ ಕಾಣುವಷ್ಟು ಆಳವಿದೆ. ಅದನ್ನು ಹಾಗೆಯೇ ಬಿಟ್ಟರೆ ಮಾಯುವಾಗ ಸುತ್ತಲಿನ ಚರ್ಮವನ್ನು ಎಳೆದುಕೊಂಡು ಹೊಳ್ಳೆಯ ಅಂಚು ಮೇಲಕ್ಕೆ ಸರಿಯಬಹುದು.

ಚಿಕ್ಕಮ್ಮ: ಕಿವಿಯ ಹತ್ತಿರದ ಚರ್ಮ ತೆಗೆದು ಕೂರಿಸುವ ಗ್ರಾಫ್ಟ್ ಸಾಲದೇ? ಹಣೆಯ ಮೇಲೆ ಕಲೆ ಉಳಿಯುವುದಿಲ್ಲವೇ?

ನಾನು: ಕಲೆ ಉಳಿಯುತ್ತದೆ, ಚಿಕ್ಕಮ್ಮ. ಆದರೆ ಗ್ರಾಫ್ಟ್ ತನ್ನ ರಕ್ತಪೂರೈಕೆಯನ್ನು ಕಳೆದುಕೊಂಡೇ ಬಂದಿರುವುದರಿಂದ ಮೊದಲ ದಿನಗಳಲ್ಲಿ ಗಾಯದ ತಳವನ್ನೇ ನಂಬಿ ಬದುಕಬೇಕು. ಪೊರೆ ಕಳಚಿದ ಮೃದ್ವಸ್ಥಿಯ ಮೇಲೆ ಅದು ಹಿಡಿಯುವುದು ಬಹಳ ಕಷ್ಟ. ಹಣೆಯ ಫ್ಲಾಪ್, ಅಂದರೆ ಒಂದು ತುದಿ ಅಂಟಿಕೊಂಡೇ ಇರುವಂತೆ ಬಿಡಿಸಿದ ಚರ್ಮದ ತುಂಡು, ರಕ್ತನಾಳದ ಸಮೇತ ಕೆಳಗಿಳಿದು, ಸುಮಾರು ಮೂರು ವಾರ ಹುಬ್ಬಿನ ಬಳಿಯ ತೊಟ್ಟಿನಿಂದ ಪೋಷಣೆ ಪಡೆಯುತ್ತದೆ. ಅದು ಮೂಗಿನಲ್ಲಿ ನೆಲೆಯಾದ ಮೇಲೆ ತೊಟ್ಟನ್ನು ಕತ್ತರಿಸುತ್ತಾರೆ. ದುಡ್ಡಿಗಾಗಿ ನಿನ್ನೆ ಮೊನ್ನೆ ಹುಟ್ಟಿದ ವಿಧಾನವೂ ಇದಲ್ಲ. ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ, ಇಂಗ್ಲಿಷ್ ಸೇನೆಯ ಎತ್ತಿನಾಳು ಕವಾಸ್ಜಿಗೆ ಪುಣೆಯಲ್ಲಿ ಹಣೆಯ ಚರ್ಮದಿಂದ ಮೂಗು ಕಟ್ಟಿಕೊಟ್ಟ ವರದಿ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಶಸ್ತ್ರಚಿಕಿತ್ಸೆಯನ್ನು ಲಂಡನ್ನಿನಲ್ಲಿ ಮಾಡಿದರು.

ಮಾವ: ಅಷ್ಟು ಒಳ್ಳೆಯದಾದರೆ ಈ ವಾರವೇ ಮಾಡಲಿ. ಗಾಯವನ್ನು ತೆರೆದಿಟ್ಟು ಕಾಯಿಸುತ್ತಿರುವುದೇಕೆ?

ನಾನು: ತೆಗೆದ ಚರ್ಮದ ಅಂಚಿನಲ್ಲೂ ತಳದಲ್ಲೂ ಕ್ಯಾನ್ಸರ್ ಉಳಿದಿಲ್ಲವೆಂಬ ವರದಿ ಮೊದಲು ಕೈಸೇರಬೇಕು. ಉಳಿದಿರುವಾಗಲೇ ಫ್ಲಾಪ್ ಹೊದಿಸಿದರೆ ಅದು ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆಯಬಹುದು, ಹಣೆಯ ಆ ಚರ್ಮವೂ ವ್ಯರ್ಥವಾಗಬಹುದು. ಅಲ್ಲಿಯವರೆಗೆ ಡ್ರೆಸ್ಸಿಂಗ್ ಸಾಕು ಎಂದಿದ್ದಾರೆ. ಇನ್ನೊಂದು ವಿಷಯ: ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿಸುವುದರಿಂದ ಬೀಡಿ ಸೇದುವವರಲ್ಲಿ ಫ್ಲಾಪ್ ಸಾಯುವ ಅಪಾಯ ಹೆಚ್ಚು. ನಮ್ಮ ಮಾತನ್ನು ಅಪ್ಪ ಕೇಳುತ್ತಿಲ್ಲ, ನೀವೇ ಹೇಳಬೇಕು.

ಮಾವ: ಬೀಡಿಯ ವಿಷಯ ನನಗೆ ಬಿಡು, ನಾಳೆಯೇ ಬಂದು ಮಾತನಾಡುತ್ತೇನೆ. ಆದರೆ ಹಣೆ ಕೊಯ್ಯುವ ಮೊದಲು ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್ ಭಾವನವರ ಗಾಯವನ್ನು ನೋಡಲೇಬೇಕು.