ಗಂಗೂಬಾಯಿ ಹಾನಗಲ್ ಅವರ ಫೋಟೋ ಯಾವ ಜಿಲ್ಲೆಯಲ್ಲಿ ಅಂಟಿಸಬೇಕು?

ಕೇಶ್ವಾಪುರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ಧಾರವಾಡ, ಗದಗ, ಹಾವೇರಿ ನಕ್ಷೆ ಬರೆದು ಆಯಾ ಜಿಲ್ಲೆಯ ಹೆಸರಾದವರ ಫೋಟೋ ಅಂಟಿಸಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಇವಳು ಗಂಗೂಬಾಯಿಯವರನ್ನು ಸೀದಾ ಹಾನಗಲ್ ಮೇಲೆ ಅಂಟಿಸಿದಳು. ವಿ.ಕೃ. ಗೋಕಾಕರನ್ನು ಬಿಟ್ಟೇಬಿಟ್ಟಳು, 'ಅವರು ಬೆಳಗಾವಿ ಕಡೆಯವರು ಅಲ್ವಾ' ಅಂತ. ಎರಡಕ್ಕೂ ಕೆಂಪು ಗೆರೆ ಬಿದ್ದಿದೆ. ಸರಿ ಯಾವುದು ಅಂತ ಮಾತ್ರ ಬರೆದಿಲ್ಲ. ಸೋಮವಾರ ಮತ್ತೆ ಒಯ್ಯಬೇಕು. ಗೋಂದು ಒಣಗಿ ಕಲ್ಲಾಗಿದೆ. ಕಿತ್ತರೆ ಗಂಗೂಬಾಯಿಯವರ ಮೂಗುತಿಯೇ ಕಿತ್ತು ಬರುತ್ತದೆ. ಏನು ಮಾಡಲಿ?

ಹಾವೇರಿ ಏಲಕ್ಕಿ:
ಅಕ್ಕಾ, ಗೋಕಾಕರು ನಮ್ಮವರು! 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ್ದು. ಅಡ್ಡಹೆಸರು ನೋಡಿ ಬೆಳಗಾವಿಗೆ ಕೊಟ್ಟುಬಿಟ್ಟರೆ ಹೇಗೆ? ಹಾವೇರಿ ಅಂದರೆ ಏಲಕ್ಕಿ ಮಾಲೆ ಅಷ್ಟೇ ಅಂದುಕೊಂಡಿದ್ದಾರೆ ಜನ. ಬಾಡದ ಕನಕದಾಸರನ್ನು ಹಾಕಿದ್ದೀರಿ ತಾನೆ? ಮೈಲಾರ ಮಹಾದೇವಪ್ಪನವರನ್ನೂ ಹಾಕಿ. ಮೋಟೆಬೆನ್ನೂರಿನವರು. ದಂಡಿಗೆ ಗಾಂಧೀಜಿ ಜೊತೆ ನಡೆದು ಹೋದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಪುಟ್ಟರಾಜ ಗವಾಯಿಗಳು ಹುಟ್ಟಿದ್ದೂ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ. ಆದರೆ ಅವರನ್ನು ಕೇಳಿದರೆ ಗದಗಿನವರು ಸುಮ್ನೆ ಬಿಡುವುದಿಲ್ಲ.

ಬೆಟಗೇರಿ ಹುಡುಗ:
ಬಿಡುವುದೇ ಇಲ್ಲ. ಪುಣ್ಯಾಶ್ರಮ ಇರುವುದು ಎಲ್ಲಿ? ಅಜ್ಜಾರು ನಮ್ಮವರು, ಮಾತು ಮುಗಿಯಿತು. ಭೀಮಸೇನ ಜೋಶಿಯವರು ಪುಣೆ ಸೇರಿದರೂ ಗದಗಿನವರೇ. ಹಾಡುವವರೇ ಜಾಸ್ತಿ ಆದರು ಅಂದರೆ ಸುನೀಲ್ ಜೋಶಿಯನ್ನು ಅಂಟಿಸಿ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಪ್ರಾಕ್ಟೀಸಿಗೆ ಮಾತ್ರ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಹೋಗುತ್ತಿದ್ದರು, ಅದನ್ನು ಒಪ್ಪಿಕೊಳ್ಳುತ್ತೇನೆ.

ಟಿಕೆಟ್ ಕಿಟಕಿ:
ತಂಗೀ, ಮೊದಲು ಒಂದು ಮಾತು. ಹಾವೇರಿ, ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಈ ಫೋಟೋದವರಲ್ಲಿ ಹೆಚ್ಚಿನವರು ಧಾರವಾಡ ಜಿಲ್ಲೆಯವರಾಗಿಯೇ ಬಾಳಿದವರು. ನಿಮ್ಮ ಮಗಳದು ಏನೂ ತಪ್ಪಿಲ್ಲ.

ಗಂಗೂಬಾಯಿಯವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. ಹಾನಗಲ್ ಮನೆತನದ ಊರು. ಬಾಳಿದ್ದು, 2009ರಲ್ಲಿ ತೀರಿಕೊಂಡಿದ್ದು ಹುಬ್ಬಳ್ಳಿಯಲ್ಲಿ. ಆದರೆ ನನ್ನನ್ನು ಕೇಳಿದರೆ ಫೋಟೋ ಕುಂದಗೋಳದ ಮೇಲೆ ಇರಬೇಕು. ಗುರು ಸವಾಯಿ ಗಂಧರ್ವರು ಅಲ್ಲಿದ್ದರು. ಇವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಮನೆ, ಮಕ್ಕಳು ಎಲ್ಲ ನೋಡಿಕೊಂಡು. ಭೀಮಸೇನರು ಆಗ ಗುರುಗಳ ಮನೆಯಲ್ಲೇ ಇದ್ದು ನೀರು ಹೊರುತ್ತಿದ್ದ ಹುಡುಗ. ಪಾಠ ಮುಗಿದ ಮೇಲೆ ಅಕ್ಕನನ್ನು ಸ್ಟೇಷನ್ನಿಗೆ ಬಿಡಲು ಬರುತ್ತಿದ್ದರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ಅದು ನನ್ನ ಕಾಲಕ್ಕಿಂತ ಬಹಳ ಹಿಂದಿನ ಮಾತು. ನಾನು ಹುಬ್ಬಳ್ಳಿಯಲ್ಲಿ ಟಿಕೆಟ್ ಕೊಡುವಾಗ ಸವಾಯಿಯವರ ಪುಣ್ಯತಿಥಿಗೆ ಕುಂದಗೋಳದ ನಾಡಗೀರ ವಾಡೆಗೆ ಹೊರಟವರು ಬರುತ್ತಿದ್ದರು. ಒಂದು ಸಲ ಕಿಟಕಿಯ ಕಂಬಿಗೆ ಏನೋ ದೊಡ್ಡದು ಬಡಿಯಿತು. ತಲೆ ಎತ್ತಿದರೆ ತಂಬೂರಿಯ ಬುರುಡೆ, ಹಳೇ ಸೀರೆಯಲ್ಲಿ ಸುತ್ತಿದ್ದು. ಹಿಡಿದಿದ್ದ ಹುಡುಗಿಗೆ ಹತ್ತೋ ಹನ್ನೊಂದೋ ವರ್ಷ. 'ಇದಕ್ಕೂ ಟಿಕೆಟ್ ಬೇಕಾ?' ಅಂದಳು. 'ಅದು ಹಾಡೋದಾದ್ರೆ ಬೇಕು' ಅಂದೆ. ಹಿಂದೆ ನಿಂತವನೊಬ್ಬ ಲೇಟಾಯಿತು ಅಂತ ರೇಗಿದ. ಇರಲಿ.

ಕೀಳಬೇಡಿ ತಂಗೀ. ಫೋಟೋ ಹಾನಗಲ್‌ನಲ್ಲೇ ಇರಲಿ. ಅಲ್ಲಿಂದ ಒಂದು ಉಲ್ಲನ್ ದಾರ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ, ಅಲ್ಲಿಂದ ಕುಂದಗೋಳಕ್ಕೆ ಎಳೆಯಿರಿ. ಗೋಕಾಕರಿಗೆ ಸವಣೂರು. ಮಲ್ಲಿಕಾರ್ಜುನ ಮನಸೂರರದು ಮಾತ್ರ ತಕರಾರಿಲ್ಲ, ಅಡ್ಡಹೆಸರಿನ ಊರೇ ಹುಟ್ಟಿದ ಊರು. ಧಾರವಾಡದ ಪಕ್ಕದಲ್ಲೇ ಇದೆ.

ಕೇಶ್ವಾಪುರದ ಅಮ್ಮ:
ಕಾಕಾ, ಕೆಂಪು ದಾರ ಹಾಕಿದೆವು. ಸ್ವೆಟರ್ ಬಿಚ್ಚಿದ್ದು, ಸ್ವಲ್ಪ ಗುಂಗುರು ಗುಂಗುರಾಗಿದೆ. ಪುಟ್ಟರಾಜ ಗವಾಯಿಗಳಿಗೂ ದೇವಗಿರಿಯಿಂದ ಗದಗಿಗೆ ಒಂದು ಎಳೆದಳು. ಈಗ ಕುಮಾರವ್ಯಾಸನ ಹತ್ತಿರ ನಿಂತಿದ್ದಾಳೆ. ಕೋಳಿವಾಡದವನು ಅನ್ನುತ್ತಾರೆ, ಅಂದರೆ ನಮ್ಮ ಹುಬ್ಬಳ್ಳಿ ತಾಲ್ಲೂಕು. ಭಾರತ ಬರೆದಿದ್ದು ಗದಗಿನ ವೀರನಾರಾಯಣ ಗುಡಿಯಲ್ಲಿ ಅನ್ನುತ್ತಾರೆ. ದಾರ ಮುಗಿದಿದೆ. ಬೆಟಗೇರಿಯವರೇ, ಬಿಟ್ಟುಕೊಡುತ್ತೀರಾ?

ಬೆಟಗೇರಿ ಹುಡುಗ:
ಇನ್ನೊಂದು ಸ್ವೆಟರ್ ಬಿಚ್ಚಿ ಅಕ್ಕಾರೇ.