ಇಬಿ-2 ಇಂಡಿಯಾ, ಪ್ರಯಾರಿಟಿ ಡೇಟ್ ನವೆಂಬರ್ 2016: ಸರದಿ ಬರೋದ್ರೊಳಗ ಊರಿಂದ ಏನೇನು ಕಾಗದ ತರಿಸಿ ಇಡಬೇಕು?

ಮಲಪ್ರಭಾ_ದಂಡೆ:
ನಮಸ್ಕಾರ್ರೀ ಎಲ್ಲಾರಿಗೂ. ತಮ್ಮ ಅಮೆರಿಕಾದಾಗ ಎಚ್-1ಬಿ (ಕೆಲಸದ ವೀಸಾ) ಮ್ಯಾಲ ಅದಾನ, ಗ್ರೀನ್ ಕಾರ್ಡಿನ (ಅಲ್ಲೇ ಕಾಯಂ ಇರೂ ಪರವಾನಗಿ) ಸರದಿಯೊಳಗ ನಿಂತಾನ. ಇಬಿ-2 (ಉದ್ಯೋಗದ ಮ್ಯಾಲಿನ ಎರಡನೇ ವರ್ಗ), ಐ-140 (ಕಂಪನಿ ಹಾಕೂ ಅರ್ಜಿ) ಪಾಸಾಗೈತಿ, ಪ್ರಯಾರಿಟಿ ಡೇಟ್ (ಸರದಿ ಹಿಡಿದ ದಿನ) 14 ನವೆಂಬರ್ 2016. ಅವನ ಮಗಳಿಗೆ 16 ತುಂಬೈತಿ, ಆಕಿ ಹುಟ್ಟಿದ್ದು ಬೆಳಗಾವ್ಯಾಗ, ಎಚ್-4 (ಎಚ್-1ಬಿಯವ್ರ ಹೆಂಡ್ತಿ-ಮಕ್ಕಳ ವೀಸಾ) ಮ್ಯಾಲ ಅದಾಳ. ಕೇಳೂದು ಏನಂದ್ರ: ಸರದಿ ಒಮ್ಮೆ ಮುಂದ, ಒಮ್ಮೆ ಹಿಂದ ಯಾಕ ಹೋಗತೈತಿ? ಇಬಿ-3ಕ್ಕ (ಮೂರನೇ ವರ್ಗ) ಇಳಿದ್ರ ಲಗೂನ ಆಗತೈತೇನು? ಮಗಳಿಗೆ 21 ಆದ್ರ ಏನು? ಇನ್ನೊಂದು, ತಮ್ಮನ ಜನನ ದಾಖಲೆ ಬೈಲಹೊಂಗಲ ತಾಲೂಕಿನ ಹಳ್ಳಿದು, 1982ರದು. ತೆಗೆಸಿದ ಪ್ರತಿಯೊಳಗ ಮಗುವಿನ ಹೆಸರಿನ ಕಾಲಂ ಖಾಲಿ, ಅಪ್ಪ-ಅವ್ವನ ಹೆಸರು ಅಷ್ಟ ಅದಾವ. ಪೊಲೀಸ್ ಕ್ಲಿಯರೆನ್ಸ್ ಸೈತ ಈಗ ತಗೋಬೇಕೇನ್ರಿ?

ಟಿಳಕವಾಡಿ_ಗೇಟ್:
ಇದು ಟೇಬಲ್ ಮೇಲೆ ಫೈಲ್ ಬಿದ್ದು ಆಗುವ ತಡ ಅಲ್ಲ, ನಂಬರ್ ಇಲ್ಲದೆ ಆಗುವ ತಡ. ಇದನ್ನು ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಬೇಡದ ಕಡೆ ದುಡ್ಡು ಸುರಿಯುತ್ತೀರಿ. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿಗೆ ವರ್ಷಕ್ಕೆ ಸುಮಾರು 1,40,000 ನಂಬರ್. ಇಬಿ-2ಕ್ಕೆ ಅದರಲ್ಲಿ ಶೇ 28.6, ಅಂದರೆ 40,040. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತದ ಪಾಲಿಗೆ ಬರುವುದು 2,800 ಚಿಲ್ಲರೆ. ಹೆಂಡತಿ, ಮಕ್ಕಳೂ ಇದರಲ್ಲೇ ಸೇರುತ್ತಾರೆ. ನಿಮ್ಮ ತಮ್ಮನ ಒಂದು ಮನೆಗೇ ಮೂರು ನಂಬರ್ ಬೇಕು.

ಬೇರೆ ದೇಶದವರು, ಇಬಿ-1ರವರು ಬಳಸದೆ ಬಿಟ್ಟ ನಂಬರ್ ಹರಿದು ಬಂದರೆ ದಿನಾಂಕ ಓಡುತ್ತದೆ. ಕೊರೊನಾ ಕಾಲದಲ್ಲಿ ದೂತಾವಾಸಗಳು ಮುಚ್ಚಿ, ಕುಟುಂಬ ವಿಭಾಗದ ನಂಬರ್ ಉಳಿದು, ಅವು ಮರುವರ್ಷ ಉದ್ಯೋಗ ವಿಭಾಗಕ್ಕೆ ಬಂದವು. 2022ರ ಹಣಕಾಸು ವರ್ಷದಲ್ಲಿ ಒಟ್ಟು 2,81,000ದ ಆಸುಪಾಸು ಸಿಕ್ಕಿತ್ತು. ಸರದಿ ಎಲ್ಲಿಗೆ ಬಂತು ಎಂದು ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ಪಟ್ಟಿಗೆ ವೀಸಾ ಬುಲೆಟಿನ್ ಎನ್ನುತ್ತಾರೆ. ಆ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಇಬಿ-2 ಇಂಡಿಯಾ 1 ಡಿಸೆಂಬರ್ 2014ಕ್ಕೆ ಬಂದಿತ್ತು. ಅಕ್ಟೋಬರ್‌ನಲ್ಲಿ ಹೊಸ ವರ್ಷ ಶುರುವಾಗುತ್ತಲೇ 1 ಏಪ್ರಿಲ್ 2012, ಡಿಸೆಂಬರ್‌ನಲ್ಲಿ 8 ಅಕ್ಟೋಬರ್ 2011. ಮೂರು ತಿಂಗಳಲ್ಲಿ ಮೂರು ವರ್ಷ ಹಿಂದೆ ಹೋಯಿತು. ಹಾಗಾಗಿ ಒಂದು ತಿಂಗಳು ಬಾಗಿಲು ತೆರೆದರೆ ಅದೇ ತಿಂಗಳು ಐ-485 (ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ) ಒಳಗೆ ಹೋಗಬೇಕು. ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ.

ಬುಲೆಟಿನ್ ಓದುವಾಗ ಎರಡು ಕಡೆ ಜನ ಎಡವುತ್ತಾರೆ. ಅಲ್ಲಿರುವ ದಿನಾಂಕಕ್ಕಿಂತ ನಿಮ್ಮದು ಒಂದು ದಿನವಾದರೂ ಹಿಂದಿನದಾಗಿರಬೇಕು, ಪಟ್ಟಿಯಲ್ಲಿ 14 ನವೆಂಬರ್ 2016 ಎಂದೇ ಬಂದರೆ ನಿಮ್ಮದು ಇನ್ನೂ ಬಂದಿಲ್ಲ. ಮತ್ತೆ, ಫೈನಲ್ ಆಕ್ಷನ್ (ಕಾರ್ಡ್ ಕೊಡಲು ನಂಬರ್ ಸಿಗುವ ದಿನಾಂಕ) ಮತ್ತು ಡೇಟ್ಸ್ ಫಾರ್ ಫೈಲಿಂಗ್ (ಅರ್ಜಿ ಹಾಕಬಹುದಾದ ದಿನಾಂಕ) ಎಂದು ಎರಡು ಪಟ್ಟಿ ಇರುತ್ತವೆ. ಆ ತಿಂಗಳು ಯಾವುದು ನಡೆಯುತ್ತದೆ ಎಂಬುದನ್ನು ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ತನ್ನ ತಾಣದಲ್ಲಿ ಬೇರೆಯಾಗಿ ಹೇಳುತ್ತದೆ.

ಇಬಿ-3ಕ್ಕೆ ಇಳಿಯುವುದೆಂದರೆ ಹಳೆಯ ಲೇಬರ್ ಸರ್ಟಿಫಿಕೇಟ್ (ಆ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಎಂಬ ಅಲ್ಲಿಯ ಕಾರ್ಮಿಕ ಇಲಾಖೆಯ ಪತ್ರ) ಮೇಲೆಯೇ ಇನ್ನೊಂದು ಐ-140 ಹಾಕುವುದು. ಪ್ರಯಾರಿಟಿ ಡೇಟ್ ಅದೇ ಉಳಿಯುತ್ತದೆ, ಇಬಿ-2 ಕೂಡ ಕೈಬಿಟ್ಟು ಹೋಗುವುದಿಲ್ಲ. ಆದರೆ ಸಂಬಳ ಕೊಡುವ ಶಕ್ತಿ ಇದೆ ಎಂದು ಕಂಪನಿ ಮತ್ತೆ ತೋರಿಸಬೇಕು. 2020ರ ಅಕ್ಟೋಬರ್‌ನಲ್ಲಿ ಇಬಿ-3 ಫೈಲಿಂಗ್ ದಿನಾಂಕ 1 ಜನವರಿ 2015ಕ್ಕೆ ಹೋದಾಗ ಗುಂಪು ಗುಂಪಾಗಿ ಅತ್ತ ಹೋದರು. ಆ ಸಾಲೂ ಉದ್ದವಾಗಿ 2023ರ ಜುಲೈನಲ್ಲಿ ಇಬಿ-3 ಫೈನಲ್ ದಿನಾಂಕ 1 ಜನವರಿ 2009ಕ್ಕೆ ಬಿತ್ತು. ಇಬಿ-3 ನಿಜಕ್ಕೂ ಮುಂದಿದ್ದು, ನಿಮ್ಮ ದಿನಾಂಕದ ಹತ್ತಿರ ಬಂದಾಗ ಮಾತ್ರ ಹಾಕಿ. ಈಗಲೇ ಅವಸರ ಬೇಡ.

ಒಂದು ಕೇಳುತ್ತೇನೆ: ತಮ್ಮನ ಹೆಂಡತಿ ಹುಟ್ಟಿದ್ದು ಎಲ್ಲಿ? ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದಲ್ಲ, ಹುಟ್ಟಿದ ಜಾಗ ಮುಖ್ಯ. ತಂದೆ ಗಲ್ಫ್‌ನಲ್ಲಿ ಕೆಲಸ ಮಾಡುವಾಗ ಮಸ್ಕತ್, ದುಬೈಗಳಲ್ಲಿ ಹುಟ್ಟಿದವರು ನಮ್ಮ ಕಡೆ ಇದ್ದಾರೆ. ಹಾಗಿದ್ದರೆ ಇಡೀ ಮನೆ ಆ ದೇಶದ ಲೆಕ್ಕಕ್ಕೆ ಹೋಗುತ್ತದೆ. ಮಕ್ಕಳು ಹುಟ್ಟಿದ ಜಾಗ ಮಾತ್ರ ಅಪ್ಪ-ಅಮ್ಮನಿಗೆ ಉಪಯೋಗಕ್ಕೆ ಬರುವುದಿಲ್ಲ.

ಗುಮ್ಮಟನಗರಿ:
ಮಗಳ ಲೆಕ್ಕ ನಾ ಹೇಳ್ತೀನ್ರಿ. ಫೈನಲ್ ಆಕ್ಷನ್ ಪಟ್ಟಿಯೊಳಗ ನಂಬರ್ ತೆರೆದ ದಿನ ಆಕಿ ವಯಸ್ಸು ಎಷ್ಟಿರ್ತದ, ಅದ್ರೊಳಗ ಐ-140 ಕಚೇರಿಯೊಳಗ ಇದ್ದಷ್ಟು ದಿನ ಕಳೀಬೇಕು. ಉಳಿದದ್ದು 21ಕ್ಕಿಂತ ಕಡಿಮಿ ಇದ್ರ ಆಕಿ ಮಗು ಅಂತ ಲೆಕ್ಕ, ಆದ್ರ ಮದುವಿ ಆಗಿರಬಾರದು. ಐ-140 ಪಾಸಾದಾಗ ಬಂದ ಐ-797 ನೋಟಿಸ್ ತಗೊಂಡು ನೋಡ್ರಿ: ರಿಸೀವ್ಡ್ ಡೇಟ್‌ನಿಂದ ಪಾಸಾದ ದಿನದ ತನಕ ಎಷ್ಟು ದಿನ ಅದ ಅನ್ನೋದೇ ಕಳಿಯೂ ಸಂಖ್ಯೆ. ನಂಬರ್ ತೆರೆದಾಗ 21 ವರ್ಷ 4 ತಿಂಗಳು, ಐ-140 ಏಳು ತಿಂಗಳು ಇತ್ತು ಅಂದ್ರ 20 ವರ್ಷ 9 ತಿಂಗಳು, ಉಳೀತಾಳ. ಪ್ರೀಮಿಯಂ (ಲಗೂನ ಮುಗಸೂ ಹೆಚ್ಚಿನ ಫೀ) ಕೊಟ್ಟು ಹತ್ತು ದಿನದಾಗ ಪಾಸ್ ಮಾಡ್ಸಿದ್ರ ಕಳಿಯೂದು ಹತ್ತೇ ದಿನ, ಆಕಿ ಹೊರಗ. ಮಕ್ಕಳು ದೊಡ್ಡವ್ರಿದ್ದ ಮನಿಯವ್ರು ಇದನ್ನ ಮೊದಲೇ ವಿಚಾರ ಮಾಡಬೇಕು.

ಮೊದಲು ಫೈಲಿಂಗ್ ಪಟ್ಟಿ ಮ್ಯಾಲೆ ಅರ್ಜಿ ಹಾಕಿದ್ರ ವಯಸ್ಸು ನಿಲ್ಲತಿತ್ತು. 15 ಆಗಸ್ಟ್ 2025ರಿಂದ ಅದು ಇಲ್ಲ, ಫೈನಲ್ ಪಟ್ಟಿ ಅಷ್ಟೇ. ಹಳೇ ಲೇಖನ ಓದಿ ಮೋಸ ಹೋಗಬ್ಯಾಡ್ರಿ. ನಂಬರ್ ತೆರೆದ ಮ್ಯಾಲೆ ಒಂದು ವರ್ಷದೊಳಗ ಅರ್ಜಿ ಹಾಕಬೇಕು. ಆಕಿಗೆ 20 ತುಂಬೂದ್ರೊಳಗ ಎಫ್-1ಕ್ಕ (ವಿದ್ಯಾರ್ಥಿ ವೀಸಾ) ಬದಲಿಸೋ ತಯಾರಿ ಶುರು ಮಾಡ್ರಿ, ಎಚ್-4 ನಿಜವಾದ ವಯಸ್ಸು 21ಕ್ಕ ಮುಗೀತದ, ಅಲ್ಲಿ ಕಳಿಯೂ ಲೆಕ್ಕ ನಡಿಯೂದಿಲ್ಲ.

ಘಟಪ್ರಭಾ_ಎಡದಂಡೆ:
ಕಾಗದದ ವಿಷಯ. ಖಾಲಿ ಕಾಲಂನ ಪ್ರತಿ ಎಸೆಯಬೇಡಿ, ಅದೇ ನಿಮ್ಮ ಗಟ್ಟಿ ದಾಖಲೆ. ಅದರಲ್ಲಿ ‘ನೋಂದಣಿ ದಿನಾಂಕ’ ನೋಡಿ. ಹುಟ್ಟಿದ ಒಂದು ವರ್ಷದೊಳಗೆ ನೋಂದಣಿ ಆಗಿದ್ದರೆ ಅದಕ್ಕೆ ಬೆಲೆ. ಹೆಸರಿಲ್ಲ ಎಂದು ಯಾರದೋ ಮಾತು ಕೇಳಿ ಈಗ ಹೊಸದಾಗಿ ತಡ ನೋಂದಣಿ ಮಾಡಿಸಿದರೆ ಅದರ ಮೇಲೆ ಈ ವರ್ಷದ ದಿನಾಂಕ ಬೀಳುತ್ತದೆ, ಅಲ್ಲಿಯ ಅಧಿಕಾರಿ ಹೆಚ್ಚಿನ ಪುರಾವೆ ಕೇಳಿ ನೋಟಿಸ್ ಕಳಿಸುತ್ತಾನೆ. ಹಳೆಯ ಪ್ರತಿ, ಶಾಲೆ ಬಿಟ್ಟ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಇಬ್ಬರ ಅಫಿಡವಿಟ್ ಒಟ್ಟಿಗೆ ಇಡಿ.

ಜೂನ್ 1ರ ಹುಟ್ಟು ಎಂಬ ನಮ್ಮ ಕಡೆಯ ತೊಂದರೆ ಇದೆಯಾ ನೋಡಿ. ಶಾಲೆಗೆ ಸೇರಿಸುವಾಗ ಮಾಸ್ತರು ಜೂನ್ 1 ಎಂದು ಬರೆದುಬಿಟ್ಟಿರುತ್ತಾರೆ, ರಿಜಿಸ್ಟರ್‌ನಲ್ಲಿ ಬೇರೆ ತಾರೀಖು ಇರುತ್ತದೆ. ಎರಡೂ ಬೇರೆಯಾಗಿದ್ದರೆ ಮುಚ್ಚಿಡದೆ ವಕೀಲರಿಗೆ ಈಗಲೇ ಹೇಳಿ, ಕಾರಣ ಬರೆದು ಲಗತ್ತಿಸಬಹುದು. ಹುಡುಕಿಸುವಾಗಲೂ ಒಂದೇ ದಿನಾಂಕ ಕೊಡಬೇಡಿ, ಹಿಂದೆ ಮುಂದೆ ಒಂದೊಂದು ವರ್ಷ, ತಾಯಿಯ ಹೆಸರಿನ ಮೇಲೆ ಹುಡುಕಿಸಿ.

ಅಫಿಡವಿಟ್ ಕೊಡುವವರು ಆ ಹುಟ್ಟನ್ನು ಸ್ವತಃ ಬಲ್ಲವರಾಗಿರಬೇಕು: ತಾಯಿ, ಸೋದರಮಾವ, ಹಿರಿಯ ಅತ್ತೆ. ಅವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು, ಸಂಬಂಧ, ಹೇಗೆ ಗೊತ್ತು, ಜೊತೆಗೆ ಹುಟ್ಟಿದವನ ಹೆಸರು, ದಿನ, ಊರು, ತಂದೆ-ತಾಯಿ ಇಬ್ಬರ ಹೆಸರು ಇರಲಿ. ನೋಟರಿ ಮಾಡಿಸಿ. ಹಿರಿಯರು ಗಟ್ಟಿಯಾಗಿರುವಾಗಲೇ ಮಾಡಿಸಿ, ಹತ್ತು ವರ್ಷ ಬಿಟ್ಟು ಹೇಳುವವರೇ ಇರುವುದಿಲ್ಲ.

ಹೆಂಡತಿಯ ಕಾಗದದಲ್ಲಿ ಮದುವೆಯಲ್ಲಿ ಹೆಸರು ಬದಲಿಸಿದ್ದೇ ತೊಡಕು. ಜನನ ಪತ್ರದಲ್ಲಿ ತವರಿನ ಹೆಸರು, ಪಾಸ್‌ಪೋರ್ಟಿನಲ್ಲಿ ಅಕ್ಕಿಯ ಮೇಲೆ ಬರೆದ ಹೆಸರು. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮತ್ತು ಉಪನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರ ಬೇಕು, ಲಗ್ನಪತ್ರಿಕೆ ಸಾಲದು. ಕನ್ನಡ, ಮರಾಠಿ ಕಾಗದಗಳಿಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಸೀಲಿನ ಅಕ್ಷರ ಸಮೇತ. ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣ ಮತ್ತು ಸರಿ ಎಂದು ಅನುವಾದಕ ಸಹಿ ಮಾಡಬೇಕು.

ಅಮೆರಿಕದೊಳಗಿದ್ದೇ ಐ-485 ಹಾಕುವವರಿಗೆ ಇಲ್ಲಿಯ ಪೊಲೀಸ್ ಕ್ಲಿಯರೆನ್ಸ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅದಕ್ಕಾಗಿ ಈಗ ಓಡಾಡಬೇಡಿ.

ಮಲಪ್ರಭಾ_ದಂಡೆ:
ಭಾಳ ಉಪಕಾರ ಆತ್ರಿ. ತಮ್ಮನ ಹೆಂಡ್ತಿ ಹುಟ್ಟಿದ್ದು ಗೋಕಾಕದಾಗ, ಹಂಗಾಗಿ ಆ ದಾರಿ ಇಲ್ಲ. ಅವ್ವ, ಸೋದರಮಾವ ಇಬ್ರೂ ಅದಾರ, ಈ ವಾರನ ಅಫಿಡವಿಟ್ ಮಾಡಸ್ತೀನಿ. ಮೆಡಿಕಲ್ ಈಗ ಮಾಡಿಸಿ ಇಡಬಹುದೇನ್ರಿ?

ಟಿಳಕವಾಡಿ_ಗೇಟ್:
ಬೇಡ. 2 ಡಿಸೆಂಬರ್ 2024ರಿಂದ ಐ-693 (ಮೆಡಿಕಲ್ ಫಾರ್ಮ್) ಅನ್ನು ಐ-485 ಜೊತೆಗೇ ಕೊಡಬೇಕು, ಬಾಗಿಲು ತೆರೆಯುವುದು ಖಾತ್ರಿಯಾದ ತಿಂಗಳು ಮಾಡಿಸಿದರೆ ಸಾಕು. ಈಗ ಮಗಳು ಚಿಕ್ಕವಳಿದ್ದಾಗ ಹಾಕಿಸಿದ ಲಸಿಕೆ ಕಾರ್ಡ್ ಹುಡುಕಿ ಕಳಿಸಿ. ದಿನಾಂಕ ಓದಲು ಬಂದರೆ ಮತ್ತೆ ಅದೇ ಲಸಿಕೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.